ಕಾಯಕಕ್ಕೆ ಮರಳಿಸುವ ಶಸ್ತ್ರವೈದ್ಯ

ಶ್ರೀಮಠದ ಆವರಣದಲ್ಲಿ ಪ್ರತಿ ಅಮಾವಾಸ್ಯೆಯಂದು ನಡೆಯುವ ಉಚಿತ ಆರೋಗ್ಯ ತಪಾಸಣೆಯಲ್ಲಿ ಅನೇಕ ವರ್ಷಗಳಿಂದ ನಾನು ಕುಳಿತುಕೊಳ್ಳುತ್ತಿದ್ದೇನೆ. ಬರುವ ಸದ್ಭಕ್ತರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅವರ ದೂರುಗಳಲ್ಲಿ ಮಂಡಿನೋವು, ಸೊಂಟನೋವು, ಬಿದ್ದು ಮುರಿದುಕೊಂಡ ಮೂಳೆ ಇವೇ ಹೆಚ್ಚು. ಎಕ್ಸ್-ರೇ ಹಾಳೆಯನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟು ಅವರು ಆಡುವ ಮಾತು ಬಹುತೇಕ ಒಂದೇ ಆಗಿರುತ್ತದೆ: "ದವಾಖಾನೆಯಲ್ಲಿ ಆಪರೇಷನ್ ಅಂದಿದ್ದಾರೆ. ಅದನ್ನು ತಪ್ಪಿಸುವಂಥ ಒಂದು ಎಣ್ಣೆ ಕೊಡಿರಿ, ಒಂದು ಕಟ್ಟು ಹೇಳಿರಿ."

ಈ ಮಾತಿನ ಹಿಂದೆ ಆಯುರ್ವೇದದ ಮೇಲಿನ ವಿಶ್ವಾಸವಿದೆ. ಅದಕ್ಕಾಗಿ ನಾನು ಕೃತಜ್ಞ. ಆದರೆ ಅದರ ಹಿಂದೆ ಭಯವೂ ಇದೆ. ವಿಶ್ವಾಸದ ಉಡುಪು ತೊಟ್ಟ ಆ ಭಯವು ಎಷ್ಟೋ ಹಿರಿಯರನ್ನು ಹಾಸಿಗೆಗೆ ಕಟ್ಟಿಹಾಕಿರುವುದನ್ನು ಕಂಡಿದ್ದೇನೆ. ಆದ್ದರಿಂದ ಈ ತಿಂಗಳು ಎಣ್ಣೆ, ಲೇಪ, ಕಷಾಯಗಳ ವಿಚಾರವನ್ನು ಬದಿಗಿರಿಸಿ, ಮೂಳೆ ಮತ್ತು ಕೀಲುಗಳ ಶಸ್ತ್ರವೈದ್ಯರ ಪರವಾಗಿ ನಾಲ್ಕು ಮಾತುಗಳನ್ನು ಬರೆಯಲು ಮನಸ್ಸು ಮಾಡಿದ್ದೇನೆ. ಆಯುರ್ವೇದ ಪದವೀಧರನೊಬ್ಬ ಹೀಗೆ ಬರೆಯುವುದು ಕೆಲವರಿಗೆ ಅಚ್ಚರಿಯೆನಿಸಬಹುದು. ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಕಾಯ ಮತ್ತು ಕಾಯಕ

ನಮ್ಮ ಶರಣರು ದೇಹವನ್ನು ಹೇಯವೆಂದು ತಳ್ಳಿದವರಲ್ಲ. ಅದನ್ನು ದೇಗುಲವೆಂದು ಕಂಡು, ಅದರ ಮೂಲಕವೇ ದುಡಿದು, ದುಡಿದುದನ್ನು ದಾಸೋಹಕ್ಕೆ ಸಲ್ಲಿಸಿದವರು. ಆಯ್ದಕ್ಕಿ ಮಾರಯ್ಯನವರ ಕಾಯಕಕ್ಕೆ ದಿನವಿಡೀ ಬಾಗಿ ಅಕ್ಕಿಯನ್ನಾರಿಸುವ ಬೆನ್ನು ಬೇಕಿತ್ತು. ನುಲಿಯ ಚಂದಯ್ಯನವರಿಗೆ ಹುಲ್ಲು ಕೊಯ್ದು ಹಗ್ಗ ಹೊಸೆಯುವ ಮಣಿಕಟ್ಟು ಬೇಕಿತ್ತು. ಮಡಿವಾಳ ಮಾಚಯ್ಯನವರಿಗೆ ಬಟ್ಟೆಯ ಗಂಟನ್ನು ಹೊರುವ ಹೆಗಲು, ಅಂಬಿಗರ ಚೌಡಯ್ಯನವರಿಗೆ ದೋಣಿಯಲ್ಲಿ ನಿಲ್ಲುವ ಕಾಲು ಬೇಕಿತ್ತು. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರೂ ಇದ್ದರೆಂಬುದು ನನ್ನಂಥವರಿಗೆ ಹೆಮ್ಮೆಯ ಸಂಗತಿ. ವೈದ್ಯವೂ ಕಾಯಕವೇ, ಇತರರನ್ನು ಅವರವರ ಕಾಯಕಕ್ಕೆ ಮರಳಿಸುವ ಕಾಯಕ.

ಈ ದೃಷ್ಟಿಯಿಂದ ನೋಡಿದರೆ, ಮೂಳೆ ಮುರಿದವನಿಗೆ ಚಿಕಿತ್ಸೆ ಯಶಸ್ವಿಯಾಯಿತೇ ಎಂಬ ಪ್ರಶ್ನೆಗೆ ಎಕ್ಸ್-ರೇಯಲ್ಲಿ ಕಾಣುವ ಕೂಡುಗೆರೆಯೊಂದೇ ಉತ್ತರವಾಗದು. ಆತ ಎದ್ದನೇ, ಹೊಲಕ್ಕೆ ಹೋದನೇ, ತನ್ನ ಸ್ನಾನವನ್ನು ತಾನೇ ಮಾಡಿಕೊಂಡು ಲಿಂಗಪೂಜೆಗೆ ಕುಳಿತನೇ ಎಂಬುದು ಉತ್ತರ. ಒಳ್ಳೆಯ ಶಸ್ತ್ರವೈದ್ಯರು ಈ ಉತ್ತರವನ್ನೇ ಮುಂದಿಟ್ಟುಕೊಂಡು ಕೆಲಸ ಮಾಡುತ್ತಾರೆ. ಇದನ್ನು ಅರಿಯಲು ನನಗೆ ಒಂದು ಜೀವದ ಬೆಲೆ ತಗುಲಿತು.

ನಾನು ಮಾಡಿದ ತಪ್ಪು

ಸುಮಾರು 25 ವರ್ಷಗಳ ಹಿಂದಿನ ಮಾತು. ಶ್ರೀಮಠದ ಭಕ್ತ ಮನೆತನವೊಂದರ ಹಿರಿಯ ತಾಯಿ, 72 ವರ್ಷ, ಬಚ್ಚಲಲ್ಲಿ ಜಾರಿ ಬಿದ್ದರು. ಜಾತ್ರೆಯ ದಾಸೋಹಕ್ಕೆ ಪ್ರತಿ ವರ್ಷ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಮುಂದಾಳು ಅವರು. ಎಕ್ಸ್-ರೇಯಲ್ಲಿ ತೊಡೆಮೂಳೆ ಸೊಂಟದ ಕೀಲಿನ ಬಳಿ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಗಬೇಕು, ತಡಮಾಡಬೇಡಿರೆಂದು ಮೂಳೆ ವೈದ್ಯರು ಹೇಳಿದ್ದರು. ಮಕ್ಕಳು ಹೆದರಿ ನನ್ನಲ್ಲಿಗೆ ಬಂದರು. ಆಗ ನಾನು ನಲವತ್ತರ ಹೊಸ್ತಿಲಲ್ಲಿದ್ದೆ. ಕೈಗುಣದ ಹೆಸರು ಸುತ್ತಲ ಹಳ್ಳಿಗಳಲ್ಲಿ ಹಬ್ಬಿತ್ತು. "ಈ ವಯಸ್ಸಿನಲ್ಲಿ ಕತ್ತರಿ ಪ್ರಯೋಗ ಬೇಡ. ಕಾಲನ್ನು ಅಲುಗಿಸದಂತೆ ಮಲಗಿಸಿರಿ. ತೈಲ, ಕಟ್ಟು, ಗುಗ್ಗುಲು ಕೊಡುತ್ತೇನೆ, ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ" ಎಂದೆ.

ನನ್ನ ಮಾತು ಶಾಸ್ತ್ರಕ್ಕೆ ವಿರುದ್ಧವೇನೂ ಆಗಿರಲಿಲ್ಲ. ಆದರೆ ಮೂರನೆಯ ವಾರಕ್ಕೆ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಕಾಣಿಸಿತು. ಆರನೆಯ ವಾರಕ್ಕೆ ಊಟ ಸೇರದಾಯಿತು. ನೋಡಲು ಹೋದಾಗಲೆಲ್ಲ ಆ ತಾಯಿ "ನನ್ನನ್ನ ಒಮ್ಮೆ ಒಲೆಯ ಮುಂದೆ ಕೂಡಿಸಿರಿ" ಎನ್ನುತ್ತಿದ್ದರು. ಹತ್ತನೆಯ ವಾರದಲ್ಲಿ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಯಿತು. ಹನ್ನೊಂದನೆಯ ವಾರದಲ್ಲಿ ಅವರು ಲಿಂಗೈಕ್ಯರಾದರು. ಮನೆಯವರು ನನ್ನನ್ನು ದೂರಲಿಲ್ಲ. "ಶಿವನ ಇಚ್ಛೆ" ಎಂದರು. ನಾನು ಹಾಗೆ ಹೇಳಿಕೊಳ್ಳಲಾರೆ. ಮುರಿದ ಮೂಳೆ ಅವರನ್ನು ಕೊಲ್ಲಲಿಲ್ಲ. ನಾನು ವಿಧಿಸಿದ ಹಾಸಿಗೆ ಕೊಂದಿತು.

ಸುಶ್ರುತರು ಹೇಳಿದ ಮೂರು ತಿಂಗಳು

ಆ ಸಾವಿನ ನಂತರ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವನ್ನು, ಅಂದರೆ ಭಗ್ನ ಚಿಕಿತ್ಸೆಯನ್ನು, ಮತ್ತೆ ಓದಿದೆ. ಕೀಲು ತಪ್ಪುವುದು ಸಂಧಿಮುಕ್ತ, ಮೂಳೆ ಮುರಿಯುವುದು ಕಾಂಡಭಗ್ನ. ಮೊದಲನೆಯದರಲ್ಲಿ 6 ಬಗೆ, ಎರಡನೆಯದರಲ್ಲಿ 12 ಬಗೆ ಎಂದು ನಿದಾನಸ್ಥಾನದಲ್ಲಿಯೇ ವಿಂಗಡಿಸಿದ ಆಚಾರ್ಯರು, ಇಲ್ಲಿ ಚಿಕಿತ್ಸೆಯ ಕ್ರಮವನ್ನು ವಿವರಿಸುತ್ತಾರೆ. ಎಳೆದು ಸರಿಪಡಿಸುವುದು, ಅತ್ತಿ, ಅರಳಿ, ಮತ್ತಿ, ಬಿದಿರು ಮೊದಲಾದವುಗಳ ತೊಗಟೆಯ ಪಟ್ಟಿಯಿಟ್ಟು ಕಟ್ಟುವುದು, ಕಟ್ಟು ಸಡಿಲವಾದರೆ ಸಂಧಿ ನಿಲ್ಲದು, ಬಿಗಿಯಾದರೆ ಬಾವು ಬರುವುದು ಎಂಬ ಎಚ್ಚರಿಕೆ ಇವೆಲ್ಲವೂ ಅಲ್ಲಿವೆ. ತೊಡೆ ಸೊಂಟಗಳ ಭಗ್ನಕ್ಕೆ ಹಲಗೆಯ ಮೇಲೆ ಮಲಗಿಸಿ ಐದು ಕಡೆ ಗೂಟವಿಟ್ಟು ಅಲುಗದಂತೆ ಮಾಡುವ ಕಪಾಟಶಯನವೂ ಇದೆ. ಶಸ್ತ್ರಾಗಾರವಿಲ್ಲದ, ಅರಿವಳಿಕೆಯಿಲ್ಲದ, ಎಕ್ಸ್-ರೇ ಇಲ್ಲದ ಕಾಲದಲ್ಲಿ ಇದಕ್ಕಿಂತ ಮಿಗಿಲಾದುದನ್ನು ಯಾರೂ ಮಾಡಲಾರರಾಗಿದ್ದರು.

ಅದೇ ಅಧ್ಯಾಯದಲ್ಲಿ ಕಾಲದ ಲೆಕ್ಕವೂ ಇದೆ. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಸ್ಥಿರವಾಗುವ ಭಗ್ನವು ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಬೇಡುತ್ತದೆ. ಈ ಲೆಕ್ಕ ಇಂದಿಗೂ ಬಹುಮಟ್ಟಿಗೆ ನಿಜ. ಆದರೆ ಅದರೊಳಗಿದ್ದ ಅಪಾಯವನ್ನು ನಾನು ಗಮನಿಸಿರಲಿಲ್ಲ. ಮುಪ್ಪಿನ ಮೂಳೆಗೆ ಕೂಡಲು ಮೂರು ತಿಂಗಳು ಬೇಕು; ಮುಪ್ಪಿನ ದೇಹಕ್ಕೆ ಮೂರು ತಿಂಗಳು ಮಲಗಿರುವ ಶಕ್ತಿಯಿಲ್ಲ. ಮಾಂಸಖಂಡಗಳು ದಿನದಿಂದ ದಿನಕ್ಕೆ ಕರಗುತ್ತವೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಕ್ಷಣದಲ್ಲಿ ಪ್ರಾಣ ಹೋಗಬಹುದು. ಹಾಸಿಗೆ ಹುಣ್ಣು, ಮೂತ್ರದ ಸೋಂಕು, ಎದೆಯ ಸೋಂಕು ಒಂದರ ಹಿಂದೊಂದು ಬರುತ್ತವೆ.

ಶಸ್ತ್ರವೈದ್ಯರ ಸರಳು, ತಿರುಪು, ಫಲಕಗಳು ಇಲ್ಲಿ ಏನು ಮಾಡುತ್ತವೆ ಎಂಬುದನ್ನು ಸರಿಯಾಗಿ ತಿಳಿಯಬೇಕು. ಲೋಹವು ಮೂಳೆಯನ್ನು ಬೇಗ ಕೂಡಿಸುವುದಿಲ್ಲ. ಮೂಳೆ ತನ್ನ ಮೂರು ತಿಂಗಳನ್ನು ತಾನು ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಭಾರವನ್ನು ಲೋಹ ಹೊತ್ತುಕೊಂಡು ಮನುಷ್ಯನನ್ನು ನಡೆಸುತ್ತದೆ. ಅಷ್ಟೇ, ಆದರೆ ಆ ಅಷ್ಟರಲ್ಲಿಯೇ ಜೀವ ಉಳಿಯುತ್ತದೆ. ಮುರಿತವು ತೊಡೆಮೂಳೆಯ ಕುತ್ತಿಗೆಯಲ್ಲಿ ಆಗಿದ್ದರೆ ಮೂಳೆಯ ತಲೆಗೆ ಹೋಗುವ ರಕ್ತವೇ ನಿಂತುಹೋಗುವ ಸಂಭವವುಂಟು. ಆಗ ಯಾವ ಕಟ್ಟೂ ಅದನ್ನು ಕೂಡಿಸಲಾರದು; ಆ ಭಾಗವನ್ನು ತೆಗೆದು ಕೃತಕ ಚೆಂಡನ್ನು ಕೂರಿಸುತ್ತಾರೆ. ಸಾಧ್ಯವಾದಷ್ಟೂ 48 ಗಂಟೆಗಳ ಒಳಗೆ ಶಸ್ತ್ರಚಿಕಿತ್ಸೆ ನಡೆದು, ಮರುದಿನವೇ ವಾಕರ್ ಹಿಡಿದು ರೋಗಿ ಎದ್ದು ನಿಲ್ಲಬೇಕೆಂಬುದು ಇಂದಿನ ನಿಯಮ. "ನಿನ್ನೆ ಆಪರೇಷನ್ ಮಾಡಿದವರನ್ನು ಇವತ್ತೇ ನಿಲ್ಲಿಸುತ್ತಾರಲ್ಲ, ಎಂಥ ನಿರ್ದಯರು!" ಎಂದು ಬಂಧುಗಳು ಗೊಣಗುವುದನ್ನು ಕೇಳಿದ್ದೇನೆ. ಅದು ನಿರ್ದಯೆಯಲ್ಲ. ಶಸ್ತ್ರಚಿಕಿತ್ಸೆ ಮಾಡಿದ್ದೇ ಅದಕ್ಕಾಗಿ.

ಮೂಳೆ ಕಟ್ಟುವ ಮನೆತನದಿಂದ ಬಂದ ವಿದ್ಯೆ

ಮೂಳೆ ಶಸ್ತ್ರವೈದ್ಯವು ಪರಕೀಯ ವಿದ್ಯೆ, ನಮ್ಮ ನಾಟಿ ಮೂಳೆಕಟ್ಟಿನ ಶತ್ರು ಎಂಬ ಭಾವನೆ ಕೆಲವರಲ್ಲಿದೆ. ಅದರ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಹ್ಯೂ ಓವೆನ್ ಥಾಮಸ್ (1834–1891) ಹುಟ್ಟಿದ್ದು ವೇಲ್ಸ್ ಪ್ರಾಂತದ ಆಂಗ್ಲ್‌ಸೀ ದ್ವೀಪದ ಮೂಳೆ ಕಟ್ಟುವ ಮನೆತನದಲ್ಲಿ. ತಂದೆ ಇವಾನ್ ಥಾಮಸ್ ಲಿವರ್‌ಪೂಲ್ ನಗರದಲ್ಲಿ ಇದೇ ವೃತ್ತಿ ನಡೆಸುತ್ತಿದ್ದರು. ಪದವಿಯಿಲ್ಲದ ಕಾರಣ ವೈದ್ಯರು ಅವರನ್ನು ನ್ಯಾಯಾಲಯಕ್ಕೆ ಎಳೆದದ್ದುಂಟು. ಆ ತಂದೆ ಕಹಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ತನ್ನ ಐವರು ಗಂಡುಮಕ್ಕಳನ್ನೂ ವೈದ್ಯಕೀಯ ಓದಲು ಕಳುಹಿಸಿದರು. ತಲೆಮಾರುಗಳ ಕೈಚಳಕವೂ ಪದವಿಯ ಜ್ಞಾನವೂ ಹ್ಯೂ ಓವೆನ್ ಅವರಲ್ಲಿ ಕೂಡಿಕೊಂಡವು. ಅವರು ರೂಪಿಸಿದ ಕಾಲಿನ ಆಧಾರಪಟ್ಟಿಯನ್ನು ಸೋದರ ಬಂಧು ರಾಬರ್ಟ್ ಜೋನ್ಸ್ ಅವರು ಮೊದಲನೆಯ ಮಹಾಯುದ್ಧದ ರಣರಂಗಕ್ಕೆ ಒಯ್ದರು. ತೊಡೆಮೂಳೆ ಮುರಿದ ಸೈನಿಕರಲ್ಲಿ 100ಕ್ಕೆ ಸುಮಾರು 80ರಷ್ಟಿದ್ದ ಸಾವಿನ ಪ್ರಮಾಣವು 20ರ ಆಸುಪಾಸಿಗೆ ಇಳಿಯಿತೆಂದು ಚರಿತ್ರೆ ದಾಖಲಿಸಿದೆ.

ಥಾಮಸ್ ಅವರು ದೀರ್ಘ ವಿಶ್ರಾಂತಿಯನ್ನೇ ನಂಬಿದ್ದವರು. ಅವರ ನಂತರದವರು ಅದನ್ನೂ ಪ್ರಶ್ನಿಸಿದರು. 1958ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ಒಂದುಗೂಡಿ, ಮುರಿದ ಮೂಳೆಯನ್ನು ಭದ್ರವಾಗಿ ಬಂಧಿಸಿ ಕೀಲನ್ನು ಬೇಗ ಚಲಿಸುವಂತೆ ಮಾಡಬೇಕೆಂಬ ಕ್ರಮವನ್ನು ರೂಪಿಸಿದರು. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿಟ್ಟ ಕೈಕಾಲುಗಳು ಮೂಳೆ ಕೂಡಿದರೂ ಸೆಟೆದು, ಬತ್ತಿ, ಕೆಲಸಕ್ಕೆ ಬಾರದಂತಾಗುವುದನ್ನು ಅವರು ಕಂಡಿದ್ದರು. ಗುರುವಿನ ಮಾತನ್ನು ಶಿಷ್ಯರು ಅನುಭವದ ಒರೆಗಲ್ಲಿಗೆ ಹಚ್ಚಿ ನೋಡಿದರು. ಅನುಭವ ಮಂಟಪದ ಪರಂಪರೆಯವರಾದ ನಮಗೆ ಈ ನಡೆ ಅಪರಿಚಿತವಾಗಬಾರದು.

ತನ್ನ ತಪ್ಪನ್ನು ತಾನೇ ತಿದ್ದಿದ ವೈದ್ಯ

ಸವೆದ ಸೊಂಟದ ಕೀಲನ್ನು ಬದಲಿಸುವ ಇಂದಿನ ಶಸ್ತ್ರಚಿಕಿತ್ಸೆಗೆ ಮೂಲಪುರುಷರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಲ್ಯಾಂಕಶೈರ್ ಪ್ರಾಂತದ ರೈಟಿಂಗ್‌ಟನ್ ಎಂಬಲ್ಲಿ, ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಆಸ್ಪತ್ರೆಯಲ್ಲಿ, ಅವರು ಈ ಕೆಲಸ ಮಾಡಿದರು. ಕೃತಕ ಕೀಲಿನ ಬಟ್ಟಲಿಗೆ ಅವರು ಮೊದಲು ಬಳಸಿದ್ದು ಟೆಫ್ಲಾನ್ ಎಂಬ ನುಣುಪಾದ ವಸ್ತುವನ್ನು. ರೋಗಿಗಳು ಎದ್ದು ನಡೆದರು, ಎಲ್ಲೆಡೆ ಸಂತೋಷ. ಮೂರು ನಾಲ್ಕು ವರ್ಷಗಳಲ್ಲಿ ಆ ಬಟ್ಟಲುಗಳು ಸವೆದು, ಉದುರಿದ ಪುಡಿಯಿಂದ ಸುತ್ತಲಿನ ಮಾಂಸ ಮೂಳೆಗಳು ಕೆಡತೊಡಗಿದವು. ಸುಮಾರು 300 ರೋಗಿಗಳಿಗೆ ಆಗಲೇ ಆ ಕೀಲುಗಳನ್ನು ಅಳವಡಿಸಿಯಾಗಿತ್ತು.

ಚಾರ್ನ್ಲಿಯವರು ಬಚ್ಚಿಟ್ಟುಕೊಳ್ಳಲಿಲ್ಲ. ಕೆಟ್ಟ ಕೀಲುಗಳನ್ನು ತೆಗೆಯುವ ಕಷ್ಟದ ಶಸ್ತ್ರಚಿಕಿತ್ಸೆಗಳನ್ನು ಶಿಷ್ಯರ ಮೇಲೆ ಹಾಕದೆ ತಾವೇ ಮಾಡಿದರು. ಟೆಫ್ಲಾನ್ ಪುಡಿಯನ್ನೂ ಹೊಸ ವಸ್ತುವಾದ ಪಾಲಿಎಥಿಲೀನಿನ ಪುಡಿಯನ್ನೂ ತಮ್ಮ ತೊಡೆಗೇ ಚುಚ್ಚಿಕೊಂಡು, ಯಾವುದು ಬಾವು ತರುತ್ತದೆಂದು ಪರೀಕ್ಷಿಸಿದರು. 1962ರ ನವೆಂಬರಿನಲ್ಲಿ ಅವರು ಪಾಲಿಎಥಿಲೀನ್ ಬಟ್ಟಲನ್ನು ಮೊದಲ ಬಾರಿಗೆ ಅಳವಡಿಸಿದರು. ಇಂದು ಜಗತ್ತಿನಾದ್ಯಂತ ಲಕ್ಷಾಂತರ ಜನ ನಡೆದಾಡುತ್ತಿರುವುದು ಆ ವಿನ್ಯಾಸದ ವಂಶಾವಳಿಯ ಕೀಲುಗಳ ಮೇಲೆ.

ಈ ವೃತ್ತಾಂತವನ್ನು ಓದಿದಾಗಲೆಲ್ಲ ಆ ರೊಟ್ಟಿಯ ತಾಯಿ ನನ್ನ ಕಣ್ಣಮುಂದೆ ಬರುತ್ತಾರೆ. ವೈದ್ಯನಾದವನು ತಪ್ಪು ಮಾಡಬಾರದೆಂದಲ್ಲ. ತಪ್ಪಿನ ಬಳಿಗೆ ಮರಳಿ ಹೋಗುವ ಧೈರ್ಯ ಅವನಿಗಿರಬೇಕು. ನನ್ನ ಪದ್ಧತಿಯ ವೈದ್ಯ ಬಂಧುಗಳಲ್ಲಿಯೂ ನನ್ನ ವಿನಂತಿ ಇದೇ. ನಮ್ಮ ಚಿಕಿತ್ಸೆಯಿಂದ ಗುಣವಾದವರ ಲೆಕ್ಕವನ್ನು ನಾವು ಚೆನ್ನಾಗಿ ಇಡುತ್ತೇವೆ. ಹಾಸಿಗೆಯಿಂದ ಏಳದವರ ಲೆಕ್ಕವನ್ನೂ ಇಡೋಣ.

ಯಾವ ಬದುಕಿಗೆ ಮರಳಬೇಕು?

ಮರಳಿ ನಡೆಸುವುದೆಂದರೆ ಯಾರದೋ ಬದುಕಿಗೆ ನಡೆಸುವುದಲ್ಲ. ಜೈಪುರದ ಮೂಳೆ ಶಸ್ತ್ರವೈದ್ಯ ಡಾ. ಪ್ರಮೋದ್ ಕರಣ್ ಸೇಠಿ ಅವರು ಕಂಡ ಸತ್ಯವಿದು. ಕಾಲು ಕಳೆದುಕೊಂಡವರಿಗೆ ಆಗ ಕೊಡುತ್ತಿದ್ದ ಪಾಶ್ಚಾತ್ಯ ವಿನ್ಯಾಸದ ಕೃತಕ ಪಾದಕ್ಕೆ ಬೂಟು ಬೇಕಿತ್ತು. ಅದನ್ನು ಧರಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರುಗದ್ದೆಗೆ ಇಳಿಯಲಾಗದು. ಹಳ್ಳಿಯವರು ಅದನ್ನು ಮೂಲೆಗೆ ಒಗೆದು ಊರುಗೋಲು ಹಿಡಿಯುತ್ತಿದ್ದರು. ಸೇಠಿಯವರು ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರೊಡನೆ ಕೂಡಿ 1968ರ ಸುಮಾರಿಗೆ ರಬ್ಬರಿನ ಪಾದವೊಂದನ್ನು ರೂಪಿಸಿದರು. ಬರಿಗಾಲಿನಂತೆ ಕಾಣುವ, ನೀರು ಕೆಸರಿಗೆ ಹೆದರದ, ಎಲ್ಲ ಕಡೆ ಬಾಗುವ ಆ ಪಾದವೇ ಜೈಪುರ ಕಾಲು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಅಪಘಾತದಲ್ಲಿ ಕಾಲು ಕಳೆದುಕೊಂಡ ನೃತ್ಯಗಾರ್ತಿ ಸುಧಾ ಚಂದ್ರನ್ ಅವರು ಆ ಪಾದದ ಮೇಲೆ ಮತ್ತೆ ನರ್ತಿಸಿದ್ದು ನಾಡಿಗೆಲ್ಲ ತಿಳಿದ ಸಂಗತಿ. ವೈದ್ಯನು ಕರ್ಮಿಯ ಪಕ್ಕದಲ್ಲಿ ಕುಳಿತು ಕಲಿತ ಈ ಪ್ರಸಂಗ ಶರಣ ಧರ್ಮಕ್ಕೆ ತೀರ ಹತ್ತಿರವಾದುದು.

ನಮ್ಮ ಭಕ್ತರು ಕೇಳುವ ಪ್ರಶ್ನೆಯೂ ಇಂಥದೇ: "ಕೀಲು ಬದಲಿಸಿದ ಮೇಲೆ ನೆಲದ ಮೇಲೆ ಪದ್ಮಾಸನ ಹಾಕಿ ಲಿಂಗಪೂಜೆ ಮಾಡಬಹುದೇ? ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಬಹುದೇ?" ಸುಳ್ಳು ಭರವಸೆ ಕೊಡಲಾರೆ. ಕೃತಕ ಕೀಲು ಅಳವಡಿಸಿದ ಬಹಳಷ್ಟು ಜನರಿಗೆ ನೆಲದ ಮೇಲೆ ಕುಳಿತುಕೊಳ್ಳುವುದನ್ನೂ ಕುಕ್ಕರಗಾಲನ್ನೂ ವೈದ್ಯರು ಬೇಡವೆನ್ನುತ್ತಾರೆ. ಆದರೆ ಇಷ್ಟಲಿಂಗದ ಪೀಠ ನೆಲವಲ್ಲ, ಅಂಗೈ. ಕರಸ್ಥಲಕ್ಕೆ ಬಂದ ದೇವರು ನೀವು ಕುರ್ಚಿಯ ಮೇಲಿದ್ದೀರೋ ಮಣೆಯ ಮೇಲಿದ್ದೀರೋ ಎಂದು ನೋಡುವುದಿಲ್ಲ. ನೆಲದ ಮೇಲೆ ಕೂಡಲಾಗದೆಂಬ ಸಂಕೋಚದಿಂದ ವರ್ಷಗಟ್ಟಲೆ ನೋವನ್ನು ನುಂಗುತ್ತ, ಕೊನೆಗೆ ಮಠಕ್ಕೆ ಬರುವುದನ್ನೇ ಬಿಟ್ಟವರಿದ್ದಾರೆ. ಪ್ರಸಾದ ನಿಲಯದ ಒಂದು ಬದಿಯಲ್ಲಿ ನಾಲ್ಕು ಬೆಂಚು, ಶೌಚಾಲಯದಲ್ಲಿ ಎರಡು ಕಮೋಡು, ಮೆಟ್ಟಿಲ ಪಕ್ಕದಲ್ಲಿ ಕೈಹಿಡಿ ಇವನ್ನು ನಮ್ಮ ನಮ್ಮ ಊರಿನ ಮಠ ಮಂದಿರಗಳಲ್ಲಿ, ಸಮುದಾಯ ಭವನಗಳಲ್ಲಿ ಒದಗಿಸುವುದೂ ದಾಸೋಹವೇ.

ಎಲ್ಲ ಮಂಡಿನೋವಿಗೂ ಶಸ್ತ್ರವಲ್ಲ

ಇಷ್ಟು ಬರೆದೆನೆಂದು ಮಂಡಿ ನೊಂದವರೆಲ್ಲ ಶಸ್ತ್ರಾಗಾರಕ್ಕೆ ಓಡಬೇಕೆಂದು ತಿಳಿಯಬಾರದು. ಬಿದ್ದು ಮುರಿದ ಸೊಂಟ ತುರ್ತಿನ ವಿಷಯ. ನಿಧಾನವಾಗಿ ಸವೆಯುವ ಮಂಡಿ ಹಾಗಲ್ಲ. ಅದಕ್ಕೆ ಮೊದಲು ದೇಹದ ತೂಕ ಇಳಿಸುವುದು, ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಊರುಗೋಲು, ನೋವಿನ ಹಿಡಿತ ಇವು ಆಗಬೇಕು. ನಮ್ಮ ಅಭ್ಯಂಗ, ಸ್ವೇದ, ಜಾನುಬಸ್ತಿಗಳಿಂದ ಇಂಥ ಎಷ್ಟೋ ಜನರಿಗೆ ಹಿತವಾಗಿರುವುದನ್ನು ಕಂಡಿದ್ದೇನೆ. ಇವೆಲ್ಲ ಆದ ಮೇಲೂ ರಾತ್ರಿ ನೋವಿನಿಂದ ನಿದ್ರೆ ಬಾರದಿದ್ದರೆ, ಮನೆಯಿಂದ ಬೀದಿಯ ತುದಿಯವರೆಗೂ ನಡೆಯಲಾಗದಿದ್ದರೆ, ಎಕ್ಸ್-ರೇಯಲ್ಲಿ ಕೀಲಿನ ನಡುವಿನ ಅಂತರವೇ ಇಲ್ಲವಾಗಿದ್ದರೆ, ಆಗ ಎಣ್ಣೆ ಸವರುತ್ತ ಕಾಲ ಕಳೆಯುವುದು ಕ್ಷೇಮವಲ್ಲ. ಸವೆದುಹೋದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ತೈಲ ನನ್ನಲ್ಲಿಲ್ಲ. ಇದೆಯೆಂದು ಹೇಳುವವರನ್ನು ನಂಬಬೇಡಿರಿ.

ಅನುಮಾನವಿದ್ದರೆ ಇನ್ನೊಬ್ಬ ಶಸ್ತ್ರವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಶಸ್ತ್ರಚಿಕಿತ್ಸೆಗೆ ಮುನ್ನ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹತೋಟಿಗೆ ತನ್ನಿರಿ. ನೀವು ಸೇವಿಸುತ್ತಿರುವ ಚೂರ್ಣ, ಗುಗ್ಗುಲು, ಕಷಾಯಗಳನ್ನೂ ಮುಚ್ಚಿಡದೆ ಹೇಳಿರಿ. ಗಾಯದಲ್ಲಿ ಸೋಂಕು, ಕೀಲು ಸಡಿಲವಾಗುವುದು ಮೊದಲಾದ ತೊಂದರೆಗಳು ಕೆಲವರಿಗೆ ಬರುತ್ತವೆ. ಅವನ್ನು ಮೊದಲೇ ಕೇಳಿ ತಿಳಿದುಕೊಳ್ಳಿರಿ.

ಖರ್ಚಿನ ಭಯವೂ ಸಹಜ. ಅದರಲ್ಲಿ ಸ್ವಲ್ಪ ಸಮಾಧಾನದ ಸಂಗತಿಗಳಿವೆ. 2017ರ ಆಗಸ್ಟ್‌ನಲ್ಲಿ, ನಮ್ಮ ನಾಡಿನವರೇ ಆದ ಅನಂತಕುಮಾರ್ ಅವರು ಕೇಂದ್ರದ ರಸಾಯನ ಮತ್ತು ರಸಗೊಬ್ಬರ ಸಚಿವರಾಗಿದ್ದಾಗ, ಕೃತಕ ಮಂಡಿಕೀಲಿನ ಬೆಲೆಗೆ ಸರ್ಕಾರ ಮಿತಿ ಹಾಕಿತು. ಹೆಚ್ಚಾಗಿ ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಆಗ ನಿಗದಿಯಾಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಅವಕಾಶವಿದೆ. ಯಾವ ಚಿಕಿತ್ಸೆ ಎಲ್ಲಿ ದೊರೆಯುತ್ತದೆಂಬುದನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಬೆಂಗಳೂರಿನಲ್ಲಿ ಮೂಳೆ ಮತ್ತು ಅಪಘಾತ ಚಿಕಿತ್ಸೆಗೆಂದೇ ಮೀಸಲಾದ ಸರ್ಕಾರದ ಸಂಜಯ್ ಗಾಂಧಿ ಸಂಸ್ಥೆಯೂ ಇದೆ.

ಉಳಿದರ್ಧ ಕೆಲಸ ನಮ್ಮದು

ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಗಳದು. ಆ ಬಳಿಕದ ಮೂರು ತಿಂಗಳು ರೋಗಿಯದು ಮತ್ತು ಮನೆಯವರದು. ಇಲ್ಲಿಯೂ ಸುಶ್ರುತರು ನಮ್ಮ ಕೈಹಿಡಿಯುತ್ತಾರೆ. ಅಂಗೈ ಮುರಿದು ಕೂಡಿದ ಮೇಲೆ ಮೊದಲು ಮಣ್ಣಿನ ಮುದ್ದೆಯನ್ನು, ಬಳಿಕ ಉಪ್ಪಿನ ಹರಳನ್ನು, ಬಲ ಬಂದ ಮೇಲೆ ಕಲ್ಲನ್ನು ಹಿಡಿಸಬೇಕೆಂಬ ಕ್ರಮವನ್ನು ಅವರು ಹೇಳಿದ್ದಾರೆ. ಫಿಜಿಯೋಥೆರಪಿ ಎಂದು ನಾವಿಂದು ಕರೆಯುವುದರ ತಿರುಳು ಇದೇ: ಸ್ವಲ್ಪ ಸ್ವಲ್ಪವಾಗಿ, ದಿನವೂ, ಬಿಡದೆ.

ಪ್ರೀತಿಯಿಂದಲೇ ನಾವು ಹಿರಿಯರನ್ನು ಕೆಡಿಸುತ್ತೇವೆ. "ಏಳಬೇಡಿರಿ, ಎಲ್ಲ ಇಲ್ಲಿಯೇ ತಂದುಕೊಡುತ್ತೇವೆ" ಎನ್ನುವ ಮಕ್ಕಳು ತಮಗರಿಯದೆಯೇ ತಂದೆತಾಯಿಯರ ಕಾಲಿನ ಬಲವನ್ನು ಕಸಿಯುತ್ತಿರುತ್ತಾರೆ. ವೈದ್ಯರು ನಡೆಯಿರೆಂದ ದಿನದಿಂದ ನಡೆಸಿರಿ. ಊರುಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಲಿ. ಮೆಟ್ಟಿಲು ಏರುವಾಗ ಮೊದಲು ಬಲವಾದ ಕಾಲು, ಇಳಿಯುವಾಗ ಮೊದಲು ಶಸ್ತ್ರಚಿಕಿತ್ಸೆಯಾದ ಕಾಲು. ಗಾಯ ಪೂರ್ತಿ ಮಾಗಿ ಶಸ್ತ್ರವೈದ್ಯರು ಒಪ್ಪುವವರೆಗೆ ಎಣ್ಣೆ ತಿಕ್ಕುವುದು ಬೇಡ. ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಾಗಿ, ಹಾಲು, ಎಳ್ಳು, ಸೊಪ್ಪು, ಬೇಳೆಗಳ ಆಹಾರ, ಬೆಳಗಿನ ಬಿಸಿಲು ಇವು ಮೂಳೆಗೆ ಬಲ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮಂಗರಬಳ್ಳಿಯನ್ನೂ ಲಾಕ್ಷಾದಿ ಗುಗ್ಗುಲುವನ್ನೂ ನಾನು ಇಂದಿಗೂ ಕೊಡುತ್ತೇನೆ. ಶಸ್ತ್ರಚಿಕಿತ್ಸೆಗೆ ಬದಲಾಗಿ ಅಲ್ಲ, ಶಸ್ತ್ರವೈದ್ಯರಿಗೆ ತಿಳಿಸಿ, ಅದರ ಜೊತೆಗೆ.

ಮುಖ್ಯವಾದ ಮಾತೊಂದನ್ನು ನೆನಪಿಡಿರಿ. ಹಿರಿಯರು ಬಿದ್ದ ಮೇಲೆ ಎದ್ದು ನಿಲ್ಲಲಾಗದಿದ್ದರೆ, ತೊಡೆಸಂದಿಯಲ್ಲಿ ನೋವಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಗಡೆ ತಿರುಗಿದ್ದರೆ, ಅದು ಸೊಂಟದ ಮುರಿತವೆಂದೇ ತಿಳಿಯಿರಿ. ಎಳೆಯಬೇಡಿರಿ, ತಿಕ್ಕಬೇಡಿರಿ, ನನ್ನಲ್ಲಿಗೂ ತರಬೇಡಿರಿ. 108ಕ್ಕೆ ಕರೆ ಮಾಡಿರಿ.

ಎರಡು ವರ್ಷಗಳ ಹಿಂದೆ ಒಂದು ರಾತ್ರಿ ನನಗೆ ದೂರವಾಣಿ ಕರೆ ಬಂದಿತು. ಅದೇ ಮನೆತನ. ಅಂದು ಅತ್ತೆಯ ಹಾಸಿಗೆಯ ಪಕ್ಕದಲ್ಲಿ ಹನ್ನೊಂದು ವಾರ ಕುಳಿತಿದ್ದ ಸೊಸೆ, ಈಗ 68 ವರ್ಷ, ಅಂಗಳದಲ್ಲಿ ಬಿದ್ದಿದ್ದರು. "ನಿಮ್ಮಲ್ಲಿಗೆ ಕರೆತರೋಣವೇ?" ಎಂದು ಮಗ ಕೇಳಿದ. ಬೇಡ, ಆಸ್ಪತ್ರೆಗೆ ಒಯ್ಯಿರಿ, ನಾನೇ ಅಲ್ಲಿಗೆ ಬರುತ್ತೇನೆ ಎಂದೆ. ಮರುದಿನ ಶಸ್ತ್ರಚಿಕಿತ್ಸೆಯಾಯಿತು. ಅದರ ಮರುದಿನ ಅವರು ವಾಕರ್ ಹಿಡಿದು ನಿಂತಾಗ ನಾನು ಅಲ್ಲಿಯೇ ಇದ್ದೆ. ಅವರು ಮೊದಲಿನಂತೆಯೇ ಆಗಿದ್ದಾರೆಂದು ಹೇಳಲಾರೆ. ಊರುಗೋಲು ಬೇಕು, ನೆಲದ ಮೇಲೆ ಕೂಡಲಾಗದು, ಚಳಿಯಲ್ಲಿ ನೋವು ಕಾಣಿಸುತ್ತದೆ. ಆದರೆ ಕಳೆದ ಜಾತ್ರೆಯಲ್ಲಿ ದಾಸೋಹದ ಅಡುಗೆಮನೆಗೆ ಹೋದಾಗ, ಎತ್ತರದ ಕಟ್ಟೆಯ ಮೇಲಿಟ್ಟ ಒಲೆಯ ಮುಂದೆ ಅವರು ನಿಂತುಕೊಂಡೇ ರೊಟ್ಟಿ ಬಡಿಯುತ್ತಿದ್ದರು. ನನ್ನ ತಟ್ಟೆಗೂ ಒಂದನ್ನು ಹಾಕಿದರು. ಅತ್ತೆಯ ವಿಷಯ ಇಬ್ಬರೂ ಎತ್ತಲಿಲ್ಲ.